ಡೂಸ್: ಬರಹದ ಪಕ್ಕದ ಜಾಹೀರಾತು, ಬರಹದೊಳಗಿನ ಜಾಹೀರಾತು

ಬ್ಲಾಗ್ ಬರೆದು ಜೀವನ ನಡೆಸಬಹುದಾ ಅಂತ ಕೇಳುವವರು ಈಗಲೂ ಇದ್ದಾರೆ. ಕೆಲವರು ಬ್ಲಾಗ್ ಅನ್ನುವ ಜಾಗದಲ್ಲಿ ಯೂಟ್ಯೂಬ್ ಅಂತಾರೆ, ಇನ್ನು ಕೆಲವರು ಇನ್‌ಸ್ಟಾಗ್ರಾಂ ಅಂತಾರೆ. ಪ್ರಶ್ನೆ ಮಾತ್ರ ಅದೇ. ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಕೊಡುವುದಕ್ಕಿಂತ, ಒಂದು ಬ್ಲಾಗನ್ನು ಶುರುವಿನಿಂದ ಪೂರ್ತಿಯಾಗಿ ನೋಡುವುದು ವಾಸಿ. ನಾನು ಆರಿಸಿಕೊಂಡಿರುವುದು ಡೂಸ್ ಎಂಬ ಅಮೆರಿಕದ ಬ್ಲಾಗ್. ಬರೆದವರು ಹೆದರ್ ಆರ್ಮ್‌ಸ್ಟ್ರಾಂಗ್.

2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಾರದ ಮ್ಯಾಗಝೀನ್ ಇವರ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ಅಮ್ಮಂದಿರ ಬ್ಲಾಗ್ ಲೋಕದ ರಾಣಿ ಅಂತ ಕರೆಯಿತು. ದಿನಕ್ಕೆ ಸುಮಾರು 1 ಲಕ್ಷ ಜನ ಡೂಸ್ ಓದುತ್ತಿದ್ದರು. ತಿಂಗಳ ವರಮಾನ 30,000ದಿಂದ 50,000 ಡಾಲರ್ ಎಂಬ ಅಂದಾಜಿತ್ತು. ಆಗಿನ ಲೆಕ್ಕದಲ್ಲಿ ಡಾಲರಿಗೆ 45 ರೂಪಾಯಿ ಹಿಡಿದರೂ, ತಿಂಗಳಿಗೆ 13 ಲಕ್ಷದಿಂದ 22 ಲಕ್ಷ ರೂಪಾಯಿ. ಮನೆಯಲ್ಲಿ ಕೂತು, ತನ್ನ ಮನೆಯ ಬಗ್ಗೆಯೇ ಬರೆದದ್ದಕ್ಕೆ!

ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2015ರಲ್ಲಿ, ಅವರು ಈ ಕೆಲಸದಿಂದ ಹಿಂದೆ ಸರಿದರು. ಬರವಣಿಗೆ ಸೊರಗಿತ್ತು ಅಂತಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ. ನನ್ನ ಪ್ರಕಾರ ಮುಖ್ಯವಾಗಿ ಆದದ್ದು ಒಂದೇ: ಬರಹದ ಪಕ್ಕದಲ್ಲಿ ಕೂತಿದ್ದ ಜಾಹೀರಾತು ಬರಹದ ಒಳಗೆ ಬಂದು ಕೂತಿತು. ಇದು ಹೇಗಾಯಿತು ಅನ್ನುವುದೇ ಈ ಪ್ರಕರಣ.

ಮೊದಲು ಕೆಲಸ ಹೋಯಿತು

ಹೆದರ್ ಹುಟ್ಟಿದ್ದು 1975ರಲ್ಲಿ, ಬೆಳೆದದ್ದು ಟೆನ್ನೆಸಿ ರಾಜ್ಯದಲ್ಲಿ. ಮನೆಯವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು, ಶ್ರದ್ಧೆಯುಳ್ಳವರು. ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಲಾಸ್ ಏಂಜಲೀಸ್‌ಗೆ ಹೋಗಿ ವೆಬ್ ಡಿಸೈನ್ ಕೆಲಸಕ್ಕೆ ಸೇರಿದರು. 2001ರಲ್ಲಿ ಸುಮ್ನೆ ತನ್ನ ಖುಷಿಗೆ ಬ್ಲಾಗ್ ಶುರು ಮಾಡಿದರು. ಬಾಯಿಗೆ ಬಂದದ್ದನ್ನು ಬರೆಯುವ ಜಾಗ ಅದು. ಆಫೀಸಿನ ಸಹೋದ್ಯೋಗಿಗಳ ಬಗ್ಗೆ, ಬಾಸ್ ಬಗ್ಗೆ, ಮನೆಯವರ ದೇವರು ಧರ್ಮದ ಬಗ್ಗೆ ಎಲ್ಲ ಬರೆದರು.

ಯಾರೋ ಒಬ್ಬರು ಹೆಸರು ಹೇಳದೆ ಆ ಕೊಂಡಿಯನ್ನು ಕಂಪನಿಯ ಮೇಲಿನವರಿಗೆ ಕಳಿಸಿದರು. 2002ರಲ್ಲಿ ಕೆಲಸ ಹೋಯಿತು. ಮನೆಯವರೂ ಓದಿ ನೊಂದುಕೊಂಡರು. ಬ್ಲಾಗಿನಿಂದ ಕೆಲಸ ಕಳೆದುಕೊಳ್ಳುವುದಕ್ಕೆ ಅಮೆರಿಕದಲ್ಲಿ ಜನ ಇವರ ಬ್ಲಾಗಿನ ಹೆಸರನ್ನೇ ಬಳಸತೊಡಗಿದರು, ಅಷ್ಟು ಸುದ್ದಿಯಾಯಿತು. ಕಂಪನಿಗೆ ಗೊತ್ತಿಲ್ಲದೆ ಕಂಪನಿಯ ಬಗ್ಗೆ ಬರೆಯಬೇಡಿ ಅಂತ ಮುಂದೆ ಅವರೇ ತಮ್ಮ ಓದುಗರಿಗೆ ಎಚ್ಚರಿಕೆ ಹೇಳುತ್ತಿದ್ದರು.

ಅದೇ ವರ್ಷ ಮದುವೆಯಾಯಿತು. ಗಂಡ ಜಾನ್ ಆರ್ಮ್‌ಸ್ಟ್ರಾಂಗ್ ಕೂಡ ವೆಬ್ ಕೆಲಸ ಬಲ್ಲವರು. ಇಬ್ಬರೂ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಬಂದು ನೆಲೆಸಿದರು. 2004ರ ಫೆಬ್ರವರಿಯಲ್ಲಿ ಮೊದಲ ಮಗಳು ಹುಟ್ಟಿದಳು.

ಇಲ್ಲಿಂದ ಡೂಸ್ ಬೇರೆಯೇ ಆಯಿತು. ಹೆರಿಗೆಯ ನಂತರ ಅವರಿಗೆ ತೀವ್ರ ಖಿನ್ನತೆ ಬಂತು. ಆಸ್ಪತ್ರೆಯ ಮಾನಸಿಕ ಚಿಕಿತ್ಸಾ ವಿಭಾಗಕ್ಕೆ ತಾವಾಗಿಯೇ ಹೋಗಿ ಸೇರಿದರು. ಅದನ್ನೂ ಮುಚ್ಚಿಡದೆ ಬರೆದರು. ಬಾಣಂತನ ಅಂದರೆ ಬರೀ ಸಂತೋಷ ಅಂತ ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ರಾತ್ರಿಯಿಡೀ ಅಳುವ ಕೂಸು, ಮಗುವಿನ ಮಲಬದ್ಧತೆ, ಗಂಡನ ಮೇಲಿನ ಸಿಟ್ಟು, ನನ್ನ ಕೈಲಿ ಇದೆಲ್ಲ ಆಗಲ್ಲ ಅನ್ನುವ ಭಯ – ಇವನ್ನು ಹೀಗೆ ಬಿಡಿಸಿ ಹೇಳಿದವರು ಕಡಿಮೆ. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ಇದನ್ನೇ ಅನುಭವಿಸಿ, ಬಾಯಿಬಿಡದೆ ಉಳಿದಿದ್ದಾರೆ ಅಲ್ವಾ? ಸಾವಿರಾರು ತಾಯಂದಿರು ಇವರ ಬರಹದಲ್ಲಿ ತಮ್ಮನ್ನು ಕಂಡುಕೊಂಡರು. ನಾನೊಬ್ಬಳೇ ಅಲ್ಲ ಅಂತ ಧೈರ್ಯ ತಂದುಕೊಂಡರು.

ಮಗಳಿಗೆ ತಿಂಗಳು ತುಂಬಿದಾಗಲೆಲ್ಲ ಅವಳಿಗೆ ಒಂದು ಪತ್ರ ಬರೆಯುತ್ತಿದ್ದರು. ಈ ತಿಂಗಳು ನೀನು ಏನು ಕಲಿತೆ, ನಾನು ಎಷ್ಟು ಅತ್ತೆ, ನಿನ್ನ ಅಪ್ಪ ನಿನ್ನನ್ನು ಹೇಗೆ ನಗಿಸಿದ ಅಂತ. ಮನೆಯ ನಾಯಿ ಚಕ್ ತಲೆಯ ಮೇಲೆ ಏನಾದರೂ ಸಾಮಾನು ಇಟ್ಟುಕೊಂಡು, ಬೀಳಿಸದೆ ಗಂಭೀರವಾಗಿ ಕೂತಿರುವ ಫೋಟೋಗಳೂ ಬರುತ್ತಿದ್ದವು. ಓದುಗರಿಗೆ ಆ ನಾಯಿ ಪಕ್ಕದ ಮನೆಯ ನಾಯಿಯಷ್ಟು ಪರಿಚಯ. ಜನ ಸುದ್ದಿಗಾಗಿ ಅಲ್ಲಿಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಇವತ್ತು ಏನಾಯಿತು ಅಂತ ನೋಡಲು ಬರುತ್ತಿದ್ದರು.

ದುಡ್ಡು ಹೇಗೆ ಬಂತು

ಆಗಿನ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಬ್ಲಾಗ್ ಬರೆಯಲು ಜಾಗ ಕೊಡುವ ಬ್ಲಾಗರ್ ಎಂಬ ಸೇವೆ ಶುರುವಾದದ್ದು 1999ರಲ್ಲಿ. ಅದನ್ನು 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಬ್ಲಾಗ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಬಂದದ್ದೂ 2003ರಲ್ಲಿ, ಬ್ಲಾಗುಗಳಿಗೆ ಜಾಹೀರಾತು ತಂದುಕೊಡುವ ಗೂಗಲ್ ಆಡ್‌ಸೆನ್ಸ್ ಬಂದದ್ದೂ 2003ರಲ್ಲೇ. ಅಂದರೆ ಬರೆಯುವ ಸಾಧನ, ದುಡಿಯುವ ಸಾಧನ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕೈಗೆ ಸಿಕ್ಕವು. 2004ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದು ಬ್ಲಾಗ್ ಎಂಬ ಪದವನ್ನೇ.

ಆ ವರ್ಷವೇ ಡೂಸ್‌ನಲ್ಲಿ ಜಾಹೀರಾತು ಕಾಣಿಸಿಕೊಂಡಿತು. ಕೆಲವು ಓದುಗರು ಸಿಟ್ಟಾದರು. ಸ್ವಂತ ಬದುಕನ್ನು ಬರೆಯುವ ಜಾಗದಲ್ಲಿ ದುಡ್ಡಿನ ಮಾತು ಯಾಕೆ ಅನ್ನುವುದು ಅವರ ತಕರಾರು. ಈ ತಕರಾರನ್ನು ನಾನು ಒಪ್ಪುವುದಿಲ್ಲ. ದಿನವೂ ಗಂಟೆಗಟ್ಟಲೆ ಕೂತು ಬರೆಯುವವರಿಗೆ ಅದರ ಕೂಲಿ ಸಿಗಬೇಕು. 2005ರ ಹೊತ್ತಿಗೆ ಜಾನ್ ಕೂಡ ಕೆಲಸ ಬಿಟ್ಟು ಬ್ಲಾಗಿನ ವ್ಯವಹಾರ ನೋಡಿಕೊಳ್ಳಲು ಬಂದರು. ಒಂದು ಮನೆ ಪೂರ್ತಿ ಬ್ಲಾಗಿನ ಮೇಲೆ ನಿಂತಿತು. ಆಗಿನ ಮಟ್ಟಿಗೆ ಇದು ಬಹಳ ದೊಡ್ಡ ಧೈರ್ಯ.

ಅದೇ 2005ರಲ್ಲಿ ಜಾನ್ ಬ್ಯಾಟೆಲ್ ಎಂಬವರು ಫೆಡರೇಟೆಡ್ ಮೀಡಿಯಾ ಕಂಪನಿ ಕಟ್ಟಿದರು. ಹೆಸರಾದ ಬ್ಲಾಗುಗಳನ್ನೆಲ್ಲ ಒಂದು ಗುಂಪು ಮಾಡಿ, ದೊಡ್ಡ ಕಂಪನಿಗಳ ಬಳಿ ಹೋಗಿ ಜಾಹೀರಾತು ಹಿಡಿದು ತರುವುದು ಅದರ ಕೆಲಸ. ಡೂಸ್ ಕೂಡ ಆ ಗುಂಪಿನಲ್ಲಿತ್ತು. ಇದರಿಂದ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿತ್ತು. ಜಾಹೀರಾತು ಮಾರುವವರು ಬೇರೆ, ಬರೆಯುವವರು ಬೇರೆ. ಸೋಪಿನ ಕಂಪನಿ ಬರಹದ ಬಲಗಡೆಯ ಚೌಕದಲ್ಲಿ ತನ್ನ ಚಿತ್ರ ಹಾಕಿಸುತ್ತಿತ್ತು, ಅಷ್ಟೇ. ಎಡಗಡೆ ಹೆದರ್ ಏನು ಬರೆಯುತ್ತಾರೆ ಅನ್ನುವುದು ಅದಕ್ಕೆ ಸಂಬಂಧಪಟ್ಟ ವಿಷಯವೇ ಆಗಿರಲಿಲ್ಲ.

ಲೆಕ್ಕ ಹೀಗೆ ನಡೆಯುತ್ತದೆ. ಇಂಥ ಜಾಹೀರಾತಿಗೆ ಸಾವಿರ ನೋಟಕ್ಕೆ ಇಷ್ಟು ಅಂತ ದರ. ದಿನಕ್ಕೆ 1 ಲಕ್ಷ ಭೇಟಿ ಅಂದರೆ ತಿಂಗಳಿಗೆ 30 ಲಕ್ಷ. ಒಂದು ಭೇಟಿಗೆ ಒಂದೇ ಜಾಹೀರಾತು, ಸಾವಿರಕ್ಕೆ 10 ಡಾಲರ್ ಅಂತ ಸುಮ್ನೆ ಹಿಡಿದು ನೋಡಿ. 30,000 ಡಾಲರ್ ಆಗುತ್ತದೆ. ದರ 2 ಡಾಲರಿಗೆ ಇಳಿದರೆ? ಅದೇ ಓದುಗರು, ಅದೇ ಬರಹ, ಅಷ್ಟೇ ದುಡಿಮೆ. ಕೈಗೆ ಬರುವುದು ಮಾತ್ರ 6,000. ಈ ದರಗಳು ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ಆದರೆ ಓದುಗರು ಎಷ್ಟು ಜನ ಅನ್ನುವುದರ ಜೊತೆಗೆ ದರವನ್ನೂ ನೋಡದೆ ಬ್ಲಾಗಿನ ಆದಾಯದ ಮಾತಾಡುವುದರಲ್ಲಿ ಅರ್ಥವಿಲ್ಲ. ಓದುಗರನ್ನು ಬರೆಯುವವರು ಸಂಪಾದಿಸಬಹುದು. ದರ ಅವರ ಕೈಯಲ್ಲಿಲ್ಲ.

2009ರಲ್ಲಿ ಫೋರ್ಬ್ಸ್ ಪತ್ರಿಕೆ ಮಾಧ್ಯಮ ಲೋಕದ 30 ಪ್ರಭಾವಿ ಮಹಿಳೆಯರ ಪಟ್ಟಿಯಲ್ಲಿ ಇವರನ್ನು ಸೇರಿಸಿತು. ಪ್ರಭಾವ ಅಂದರೇನು ಅಂತ ಅದೇ ವರ್ಷ ಎಲ್ಲರಿಗೂ ಗೊತ್ತಾಯಿತು. ಎರಡನೇ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಸುಮಾರು 1,300 ಡಾಲರ್ ಕೊಟ್ಟು ತಂದ ಮೇಟ್ಯಾಗ್ ವಾಷಿಂಗ್ ಮೆಷಿನ್ ಕೆಟ್ಟು ಕೂತಿತು. ರಿಪೇರಿಯವರು ಬಂದು ಹೋದರೂ ಸರಿಯಾಗಲಿಲ್ಲ. ಹಸುಗೂಸಿನ ಬಟ್ಟೆಗಳ ರಾಶಿ ಬೆಳೆಯುತ್ತಲೇ ಇತ್ತು. ಹೆದರ್ ಕಂಪನಿಗೆ ಫೋನ್ ಮಾಡಿದರು. ಟ್ವಿಟರ್‌ನಲ್ಲಿ ನನಗೆ 10 ಲಕ್ಷಕ್ಕಿಂತ ಜಾಸ್ತಿ ಹಿಂಬಾಲಕರಿದ್ದಾರೆ, ಅದರಿಂದೇನಾದರೂ ಆಗುತ್ತದಾ ಅಂತ ಕೇಳಿದರು. ಇಲ್ಲ ಅಂದರು ಆ ಕಡೆಯವರು. ಮೇಟ್ಯಾಗ್ ಕೊಳ್ಳಲೇಬೇಡಿ ಅಂತ ಟ್ವೀಟ್ ಹೋಯಿತು. ಮಾರನೆಯ ದಿನವೇ ಮೇಟ್ಯಾಗ್‌ನ ಮಾಲೀಕ ಕಂಪನಿ ವರ್ಲ್‌ಪೂಲ್ ಕಡೆಯಿಂದ ಫೋನ್ ಬಂತು, ಮೆಷಿನ್ ಸರಿಯಾಯಿತು. ಇದನ್ನು ಕಂಡ ಬಾಷ್ ಕಂಪನಿ ಹೊಸ ಮೆಷಿನ್ನನ್ನು ಉಚಿತವಾಗಿ ಕೊಡುತ್ತೇವೆ ಅಂತ ಮುಂದೆ ಬಂತು. ಹೆದರ್ ಅದನ್ನು ತಮಗಿಟ್ಟುಕೊಳ್ಳದೆ ಊರಿನ ಒಂದು ನಿರಾಶ್ರಿತರ ಆಶ್ರಯಕ್ಕೆ ಕೊಡಿಸಿದರು.

ಈ ಘಟನೆಯನ್ನು ನಾನು ಎರಡು ರೀತಿಯಲ್ಲಿ ಓದುತ್ತೇನೆ. ಒಬ್ಬ ತಾಯಿಯ ಮಾತಿಗೆ ದೊಡ್ಡ ಕಂಪನಿ ತಲೆಬಾಗಿತು ಅನ್ನುವುದು ಒಂದು. ಇವರ ಬಾಯಲ್ಲಿ ಬರುವ ಒಂದು ಸಾಲಿಗೆ ಪಕ್ಕದ ಚೌಕಕ್ಕಿಂತ ಎಷ್ಟೋ ಪಟ್ಟು ಬೆಲೆ ಇದೆ ಅಂತ ಕಂಪನಿಗಳಿಗೆ ಮನವರಿಕೆಯಾಯಿತು ಅನ್ನುವುದು ಇನ್ನೊಂದು. ಮುಂದಿನ ಕಷ್ಟಕ್ಕೆ ದಾರಿಯಾದದ್ದು ಈ ಎರಡನೆಯದು.

ಹೆಸರಿನ ಜೊತೆ ಹೊಲಸು ಮಾತೂ ಬಂತು. ಕೆಟ್ಟ ತಾಯಿ, ಮಕ್ಕಳನ್ನು ಮಾರಿಕೊಳ್ಳುವವಳು ಅಂತ ಮೇಲ್‌ಗಳು, ಕಮೆಂಟುಗಳು. ಇವರನ್ನು ಹೀಗಳೆಯುವುದಕ್ಕೇ ಮೀಸಲಾದ ತಾಣಗಳೂ ಹುಟ್ಟಿಕೊಂಡವು. ಹೆದರ್ ಒಂದು ಉಪಾಯ ಮಾಡಿದರು. ಆ ಬೈಗುಳಗಳನ್ನೆಲ್ಲ ಒಂದು ಪುಟಕ್ಕೆ ಹಾಕಿ, ಸುತ್ತ ಜಾಹೀರಾತು ತುಂಬಿದರು. ಬೈದವರೇ ಬಂದು ನೋಡಿ ಇವರಿಗೆ ದುಡ್ಡು ತಂದುಕೊಡಬೇಕು! ಆ ಛಲ ನನಗೆ ಇಷ್ಟ. ಆದರೂ ಖಿನ್ನತೆಯ ಜೊತೆ ಬದುಕುವ ಒಬ್ಬರು ದಿನವೂ ಅಂಥ ಮಾತುಗಳನ್ನು ಓದಿ, ಆರಿಸಿ, ಜೋಡಿಸಿಡಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ.

ಪಕ್ಕದಿಂದ ಒಳಗೆ

2010ರ ಆಚೀಚೆ ಹಲವು ಬದಲಾವಣೆಗಳು ಒಟ್ಟಿಗೆ ಬಂದವು. ಮೊದಲನೆಯದು ಜಾಹೀರಾತಿನ ಹರಾಜು. ಗೂಗಲ್ 2008ರಲ್ಲಿ ಡಬಲ್‌ಕ್ಲಿಕ್ ಎಂಬ ಆನ್‌ಲೈನ್ ಜಾಹೀರಾತು ಕಂಪನಿಯನ್ನು ತನ್ನದಾಗಿಸಿಕೊಂಡ ಮೇಲೆ, ಜಾಹೀರಾತಿನ ಜಾಗವನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಹರಾಜು ಹಾಕುವ ವ್ಯವಸ್ಥೆ ಜೋರಾಗಿ ಬೆಳೆಯಿತು. ಮುಂಚೆ ಎಳೆಯ ಮಕ್ಕಳ ತಾಯಂದಿರನ್ನು ತಲುಪಬೇಕಾದರೆ ಡೈಪರ್ ಕಂಪನಿ ಡೂಸ್‌ಗೇ ಬರಬೇಕಿತ್ತು. ಈಗ ಆ ತಾಯಿ ಯಾವ ಪುಟಕ್ಕೆ ಹೋದರೂ ಜಾಹೀರಾತು ಅವಳ ಹಿಂದೆಯೇ ಹೋಗುತ್ತದೆ. ಅಡುಗೆ ಪುಟದಲ್ಲೋ ಹವಾಮಾನದ ಪುಟದಲ್ಲೋ ಕಡಿಮೆ ದರಕ್ಕೆ ಅವಳು ಸಿಗುತ್ತಾಳೆ. ಹಾಗಿರುವಾಗ ಒಳ್ಳೆಯ ಬ್ಲಾಗಿಗೆ ಜಾಸ್ತಿ ದರ ಯಾರು ಕೊಡುತ್ತಾರೆ?

ಜೊತೆಗೆ ಓದು ಮೊಬೈಲಿಗೆ ಬಂತು. ಸಣ್ಣ ಪರದೆಯಲ್ಲಿ ಬಲಗಡೆ ಅನ್ನುವ ಜಾಗವೇ ಇಲ್ಲ. ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. 2010ರಲ್ಲಿ ಹುಟ್ಟಿದ ಇನ್‌ಸ್ಟಾಗ್ರಾಂ ಕಡೆಗೆ ಜನ ಹೊರಟರು. ಬ್ಲಾಗಿನ ವಿಳಾಸ ನೆನಪಿಟ್ಟುಕೊಂಡು ದಿನವೂ ಬರುವ ಅಭ್ಯಾಸ ಬಿಟ್ಟುಹೋಯಿತು.

ಪಕ್ಕದ ಚೌಕದಲ್ಲಿ ದುಡ್ಡು ಬತ್ತಿದ ಮೇಲೆ ಉಳಿದ ದಾರಿ ಸ್ಪಾನ್ಸರ್ಡ್ ಬರಹ. ಕಂಪನಿ ದುಡ್ಡು ಕೊಡುತ್ತದೆ. ಬರೆಯುವವರು ತಮ್ಮದೇ ದನಿಯಲ್ಲಿ, ತಮ್ಮದೇ ಮನೆಯ ಕಥೆಯೊಳಗೆ ಆ ವಸ್ತುವನ್ನು ತರಬೇಕು. ದುಡ್ಡು ಪಡೆದು ಹೊಗಳುವವರು ಅದನ್ನು ಓದುಗರಿಗೆ ಹೇಳಲೇಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ತನ್ನ ಮಾರ್ಗಸೂಚಿಯನ್ನು ಬದಲಿಸಿತ್ತು. ನಮ್ಮಲ್ಲಿ ಜಾಹೀರಾತು ಮಾನದಂಡ ಮಂಡಳಿ ಇಂಥ ನಿಯಮ ತಂದದ್ದು 2021ರಲ್ಲಿ. ಹೇಳುವುದು ಸರಿಯೇ, ಹೇಳಲೇಬೇಕು. ಆದರೆ ಮೋಸವಿಲ್ಲ ಅಂದಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ.

ಸಮಸ್ಯೆ ಇರುವುದು ಬರಹದ ಹುಟ್ಟಿನಲ್ಲಿ. ಮೊದಲು ಮನೆಯಲ್ಲಿ ಏನೋ ಆಗುತ್ತಿತ್ತು, ಅದನ್ನು ಬರೆಯುತ್ತಿದ್ದರು. ಈಗ ಬರೆಯಬೇಕಾದದ್ದು ಮೊದಲೇ ಗೊತ್ತಾಗಿರುತ್ತದೆ, ಅದಕ್ಕೆ ತಕ್ಕಂತೆ ಮನೆಯಲ್ಲಿ ಏನಾದರೂ ಆಗಬೇಕು. ಭಾನುವಾರ ಮಕ್ಕಳನ್ನು ಎಲ್ಲಿಗೋ ಕರೆದುಕೊಂಡು ಹೋಗಬೇಕು, ಅವರು ನಗಬೇಕು, ಫೋಟೋ ಚೆನ್ನಾಗಿ ಬರಬೇಕು, ವಸ್ತು ಕಾಣಬೇಕು. ಈ ಹೊತ್ತಿಗೆ ದೊಡ್ಡ ಮಗಳಿಗೆ ಹನ್ನೊಂದು ವರ್ಷ. ಬೇಡ ಅನ್ನಲು ಬರುವ ವಯಸ್ಸು. ಬ್ರ್ಯಾಂಡಿಗಾಗಿ ಹಮ್ಮಿಕೊಂಡ ಇಂಥ ಸುತ್ತಾಟಗಳು ಮಕ್ಕಳಿಗೆ ಬೇಡವಾಗಿದ್ದವು ಅಂತ ಹೆದರ್ ಆಮೇಲೆ ಬಹಿರಂಗವಾಗಿಯೇ ಹೇಳಿದರು. 2012ರಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದರು. ವ್ಯವಹಾರದ ಹೊರೆಯೂ ಸಂಸಾರದ ಹೊರೆಯೂ ಒಬ್ಬರ ಮೇಲೆ ಬಿದ್ದಿತ್ತು. 2015ರ ಏಪ್ರಿಲ್‌ನಲ್ಲಿ ಅವರು ಈ ರೀತಿಯ ಬರವಣಿಗೆ ಸಾಕು ಅಂತ ಓದುಗರಿಗೆ ತಿಳಿಸಿದರು.

ಆ ನಿರ್ಧಾರವನ್ನು ಸೋಲು ಅಂತ ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಓದುಗರು ಅವರನ್ನು ನಂಬಿದ್ದು ನಿಜ ಹೇಳುತ್ತಾರೆ ಅಂತ. ಆ ನಂಬಿಕೆಯನ್ನೇ ಮಾರಬೇಕಾದ ಸ್ಥಿತಿ ಬಂದಾಗ ಅವರು ದುಡ್ಡು ಬಿಟ್ಟರು.

ಇದೇ ಕಾಲದಲ್ಲಿ ಇಲ್ಲಿ

ಎಲ್ಲ ಬ್ಲಾಗುಗಳಿಗೂ ಇದೇ ಗತಿಯಾಯಿತಾ? ಇಲ್ಲ. ನಮ್ಮ ದೇಶದ ಮೊದಲ ವೃತ್ತಿಪರ ಬ್ಲಾಗರ್ ಎಂದು ಹೆಸರಾದ ಅಮಿತ್ ಅಗರ್ವಾಲ್ 2004ರಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ಆಗ್ರಾದಲ್ಲಿ ಕೂತು ತಂತ್ರಜ್ಞಾನದ ಬಗ್ಗೆ ಬರೆಯತೊಡಗಿದರು. ಆಡ್‌ಸೆನ್ಸ್‌ನಿಂದ ಒಳ್ಳೆಯ ಸಂಪಾದನೆಯಾಯಿತು. ಮುಂದೆ ಜಿಮೇಲ್, ಗೂಗಲ್ ಶೀಟ್‌ಗಳಿಗೆ ಬೇಕಾದ ಚಿಕ್ಕ ಸಾಫ್ಟ್‌ವೇರ್‌ಗಳನ್ನು ತಾವೇ ಬರೆದು ಮಾರಿದರು. ಅವರು ಮಾರಿದ್ದು ತಿಳಿವಳಿಕೆ, ಆಮೇಲೆ ಸಾಧನ. ಮನೆಯ ಒಳಗನ್ನು ತೆರೆದಿಡುವ ಅಗತ್ಯವೇ ಬರಲಿಲ್ಲ. ದಾರಿ ಬದಲಿಸುವುದು ಅವರಿಗೆ ಸುಲಭವಾಯಿತು. ಬದುಕೇ ಸರಕಾದವರಿಗೆ ಬದಲಿಸಲು ಇನ್ನೊಂದು ಬದುಕು ಎಲ್ಲಿದೆ?

ಕನ್ನಡದಲ್ಲೂ ಅದೇ ಹೊತ್ತಿಗೆ ಬ್ಲಾಗ್ ಬರೆಯುವ ಹುಮ್ಮಸ್ಸು ಜೋರಾಗಿತ್ತು. 2005ರಲ್ಲಿ ಸಂಪದ ಎಂಬ ಕನ್ನಡ ತಾಣ ಶುರುವಾಯಿತು. ಅವಧಿ, ಕೆಂಡಸಂಪಿಗೆ ತಾಣಗಳು ಬಂದವು. ‘ಬರಹ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಬ್ಲಾಗ್‌ಸ್ಪಾಟಿಗೆ ಹಾಕಿ, ಒಬ್ಬರ ಬ್ಲಾಗಿಗೆ ಇನ್ನೊಬ್ಬರು ಕೊಂಡಿ ಕೊಟ್ಟು ಬೆಳೆದವರು ಎಷ್ಟೋ ಜನ. ಬೆಂಗಳೂರಿನವರು, ಹಳ್ಳಿಯವರು, ಕ್ಯಾಲಿಫೋರ್ನಿಯಾದಲ್ಲಿ ಕೂತವರು ಒಂದೇ ಪುಟದ ಕೆಳಗೆ ಮಾತಾಡಿಕೊಂಡರು. ಇಲ್ಲಿ ದುಡ್ಡು ಇರಲಿಲ್ಲ. ಆಡ್‌ಸೆನ್ಸ್ ಹಿಂದಿಯನ್ನು ಒಪ್ಪಿಕೊಂಡದ್ದೇ 2014ರ ಡಿಸೆಂಬರ್‌ನಲ್ಲಿ, ಕನ್ನಡಕ್ಕೆ ಆ ಬಾಗಿಲು ತೆರೆದದ್ದು ಇನ್ನೂ ತಡವಾಗಿ. ಅಷ್ಟರಲ್ಲಿ ಬರೆಯುವವರು ಫೇಸ್‌ಬುಕ್ಕಿಗೆ ಹೋಗಿಯಾಗಿತ್ತು. ಕಂಪನಿಗಳ ಒತ್ತಡ ನಮ್ಮ ಬರಹಗಾರರನ್ನು ತಟ್ಟಲಿಲ್ಲ, ನಿಜ. ಆದರೆ ಪೂರ್ತಿ ಹೊತ್ತು ಬ್ಲಾಗ್ ಬರೆದು ಬದುಕುವ ಒಂದು ತಲೆಮಾರೂ ನಮಗೆ ಸಿಗಲಿಲ್ಲ. ಇದು ನಷ್ಟ ಅಂತಲೇ ನನ್ನ ಭಾವನೆ.

ಮಕ್ಕಳ ಪಾಲು

ಹೆದರ್ ಅವರ ಖಿನ್ನತೆ ಪೂರ್ತಿ ಹೋಗಿರಲಿಲ್ಲ. 2017ರಲ್ಲಿ ಅರಿವಳಿಕೆ ಕೊಟ್ಟು ಮಿದುಳನ್ನು ಶಾಂತಗೊಳಿಸುವ ಒಂದು ಪ್ರಾಯೋಗಿಕ ಚಿಕಿತ್ಸೆ ಪಡೆದರು, ಚೇತರಿಸಿಕೊಂಡರು, ಅದರ ಬಗ್ಗೆ 2019ರಲ್ಲಿ ಪುಸ್ತಕವನ್ನೂ ಬರೆದರು. 2023ರ ಮೇ 9ರಂದು ಆತ್ಮಹತ್ಯೆಯಿಂದ ತೀರಿಕೊಂಡರು. 47 ವರ್ಷ. ಇದಕ್ಕೆ ಬ್ಲಾಗೇ ಕಾರಣ ಅಂತ ಹೇಳುವುದು ತಪ್ಪಾಗುತ್ತದೆ. ಖಿನ್ನತೆ ಬ್ಲಾಗಿಗಿಂತ ಹಳೆಯದು, ಕುಡಿತದ ಜೊತೆಗೂ ಅವರು ಹೋರಾಡುತ್ತಿದ್ದರು. ಇದನ್ನು ಓದುವ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈ ಪ್ರಕರಣದಲ್ಲಿ ಇನ್ನೂ ತೀರದ ಲೆಕ್ಕ ಒಂದಿದೆ. ಮಕ್ಕಳ ಬಾಲ್ಯದಿಂದ ಬಂದ ದುಡ್ಡಿನಲ್ಲಿ ಮಕ್ಕಳ ಪಾಲೆಷ್ಟು? ಡೂಸ್ ಕಾಲದಲ್ಲಿ ಇದನ್ನು ಕೇಳುವ ಕಾನೂನು ಇರಲಿಲ್ಲ. ಇಲಿನಾಯ್ ರಾಜ್ಯದಲ್ಲಿ 2024ರ ಜುಲೈನಿಂದ, ಮಕ್ಕಳನ್ನು ತೋರಿಸಿ ವಿಡಿಯೋದಲ್ಲಿ ದುಡಿಯುವ ಹೆತ್ತವರು ಅವರ ಪಾಲನ್ನು ಎತ್ತಿಡಬೇಕು ಅನ್ನುವ ಕಾನೂನು ಜಾರಿಯಲ್ಲಿದೆ. ಹೆದರ್ ಅವರ ಯೂಟಾ ರಾಜ್ಯವೂ 2025ರಲ್ಲಿ ಇಂಥ ಕಾನೂನು ಮಾಡಿತು.

ನಮ್ಮ ದೇಶದಲ್ಲಿ ಬಾಲ ಕಲಾವಿದರಿಗೆ 2017ರ ನಿಯಮವಿದೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು, ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಸಿನಿಮಾ, ಧಾರಾವಾಹಿಗೆ ಇದು ಸರಿಹೊಂದುತ್ತದೆ. ಆದರೆ ಈಗ ಅಪ್ಪನೇ ಕ್ಯಾಮೆರಾ ಹಿಡಿದು, ಅಮ್ಮನೇ ಎಡಿಟ್ ಮಾಡಿ, ಅಡುಗೆಮನೆಯಲ್ಲೇ ಶೂಟಿಂಗ್ ಮುಗಿಸುವ ಕನ್ನಡದ ಫ್ಯಾಮಿಲಿ ವ್ಲಾಗ್‌ಗಳು ಎಷ್ಟೋ ಇವೆ. ಅವುಗಳಲ್ಲಿ ಮಗು ದುಡಿದ ಗಂಟೆಗಳನ್ನು ಯಾರೂ ಎಣಿಸುತ್ತಿಲ್ಲ. ಆ ಶೇ. 20ರ ಖಾತೆಯನ್ನು ಹೆತ್ತವರು ಯಾರ ಒತ್ತಾಯಕ್ಕೂ ಕಾಯದೆ ಇವತ್ತೇ ತೆರೆಯಬಹುದು. ಹತ್ತು ಹನ್ನೊಂದು ವರ್ಷದ ಮಗು ಇವತ್ತು ವಿಡಿಯೋ ಬೇಡ ಅಂದರೆ, ಕ್ಯಾಮೆರಾ ಆಫ್ ಮಾಡಲೂಬಹುದು.